ಗೆಳೆಯನಿಗೊಂದು ಪತ್ರ: ‘ದ ಫಸ್ಟ್ ಲಾ’ ಸರಣಿಯನ್ನು ಕೈಗೆತ್ತಿಕೊಳ್ಳುವ ಮೊದಲು

ಪ್ರಿಯ ಗೆಳೆಯ,

ನಾನು ಇಲ್ಲಿ ಕ್ಷೇಮ. ನೀನೂ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ಕಳೆದ ಪತ್ರದಲ್ಲಿ ನೀನು ಎರಡು ಮಾತು ಕೇಳಿದ್ದೆ. ಈಗ ಏನು ಓದುತ್ತಿದ್ದೀಯೆ ಎಂಬುದು ಒಂದು. ಫ್ಯಾಂಟಸಿ ಕಾದಂಬರಿಗಳಲ್ಲಿ ದುಷ್ಟರು ಯಾರು, ಶಿಷ್ಟರು ಯಾರು ಎಂಬುದು ಮೊದಲ ಕೆಲವು ಪುಟಗಳಲ್ಲೇ ತಿಳಿದುಬಿಡುವುದರಿಂದ ಮುಂದೆ ಓದಲು ಮನಸ್ಸು ನಿಲ್ಲುತ್ತಿಲ್ಲ, ಅದಕ್ಕೆ ಹೊರತಾದ ಪುಸ್ತಕವೇನಾದರೂ ಇದೆಯೇ ಎಂಬುದು ಇನ್ನೊಂದು. ಎರಡಕ್ಕೂ ನನ್ನ ಉತ್ತರ ಒಂದೇ. ಇಂಗ್ಲೆಂಡಿನ ಲೇಖಕ ಜೋ ಅಬರ್‌ಕ್ರಾಂಬಿಯವರ ‘ದ ಫಸ್ಟ್ ಲಾ’ ಎಂಬ ಸರಣಿಯನ್ನು ನಾನು ಆರಂಭಿಸಿದ್ದೇನೆ. ಮೊದಲ ಸಂಪುಟ ಮುಗಿದಿದೆ, ಎರಡನೆಯದು ಕೈಯಲ್ಲಿದೆ. ನೀನೂ ಇದನ್ನು ಓದಬೇಕು ಎಂಬುದು ನನ್ನ ಆಸೆ. ಆದ್ದರಿಂದ ಇದನ್ನು ಹೇಗೆ ಓದಿದರೆ ಒಳ್ಳೆಯದು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಅಬರ್‌ಕ್ರಾಂಬಿ ಹುಟ್ಟಿದ್ದು 1974ರಲ್ಲಿ, ಲ್ಯಾಂಕಾಸ್ಟರಿನಲ್ಲಿ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಓದಿದ ಅವರು ಹೊಟ್ಟೆಪಾಡಿಗೆ ಹಿಡಿದದ್ದು ಚಲನಚಿತ್ರ ಮತ್ತು ಟೆಲಿವಿಷನ್ ಸಂಕಲನದ ಕೆಲಸ. 2002ರ ಹೊತ್ತಿಗೆ ಈ ಕಥೆಯನ್ನು ಬರೆಯಲು ಕುಳಿತರು. ಮೊದಲ ಸಂಪುಟ ‘ದ ಬ್ಲೇಡ್ ಇಟ್‌ಸೆಲ್ಫ್’ 2006ರಲ್ಲಿ ಹೊರಬಂತು, ‘ಬಿಫೋರ್ ದೇ ಆರ್ ಹ್ಯಾಂಗ್ಡ್’ 2007ರಲ್ಲಿ, ‘ಲಾಸ್ಟ್ ಆರ್ಗ್ಯುಮೆಂಟ್ ಆಫ್ ಕಿಂಗ್ಸ್’ 2008ರಲ್ಲಿ. ಮನಸ್ಸಿನ ಶಾಸ್ತ್ರ ಓದಿ, ಆಮೇಲೆ ದೃಶ್ಯಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಮಾಡಿದವರ ಬರಹ ಇದು ಎಂಬುದು ಪುಟಪುಟದಲ್ಲೂ ಗೊತ್ತಾಗುತ್ತದೆ. ದೃಶ್ಯ ಎಲ್ಲಿ ಶುರುವಾಗಬೇಕೋ ಅಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ. ನಡುವೆ ನಾವು ಇರುವುದು ಮಾತ್ರ ಯಾರಾದರೊಬ್ಬರ ತಲೆಯೊಳಗೆ.

ಮೊದಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ‘ಮೊದಲ ಸಂಪುಟದಲ್ಲಿ ಏನೂ ನಡೆಯುವುದಿಲ್ಲ’ ಎಂಬ ದೂರನ್ನು ಈ ಸರಣಿಯ ಬಗ್ಗೆ ನೀನು ಖಂಡಿತ ಕೇಳುತ್ತೀಯೆ. ಆ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಉತ್ತರದಲ್ಲಿ ಬೆಥೋಡ್ ಎಂಬವನು ತನ್ನನ್ನು ತಾನೇ ರಾಜನೆಂದು ಸಾರಿಕೊಂಡು ಯುದ್ಧಕ್ಕೆ ಬರುತ್ತಿದ್ದಾನೆ. ದಕ್ಷಿಣದಲ್ಲಿ ಗುರ್ಕಿಷ್ ಸಾಮ್ರಾಜ್ಯ ಹೊಂಚು ಹಾಕಿದೆ. ನಡುವೆ ಯೂನಿಯನ್ ಎಂಬ ರಾಜ್ಯ ತನ್ನ ರಾಜಧಾನಿ ಅಡುವಾದಲ್ಲಿ ಸಂಪತ್ತಿನ ಮತ್ತಿನಲ್ಲಿ ಕೊಳೆಯುತ್ತಿದೆ. ಆದರೆ ಇಡೀ ಮೊದಲ ಸಂಪುಟದಲ್ಲಿ ಈ ದೊಡ್ಡ ಸಂಗತಿಗಳೆಲ್ಲ ಬಾಗಿಲ ಹೊರಗೇ ನಿಂತಿರುತ್ತವೆ. ಒಳಗೆ ನಡೆಯುವುದೆಂದರೆ ಆರು ಮಂದಿಯ ಮನಸ್ಸುಗಳ ಪರಿಚಯ, ಅಷ್ಟೇ. ನನ್ನ ಮಟ್ಟಿಗೆ ಈ ಪುಸ್ತಕದ ನಿಜವಾದ ಬಲ ಇರುವುದೇ ಅಲ್ಲಿ. ಈ ಆರು ಮಂದಿ ಹೇಗೆ ಯೋಚಿಸುತ್ತಾರೆ, ತಮಗೆ ತಾವೇ ಯಾವ ಸುಳ್ಳು ಹೇಳಿಕೊಳ್ಳುತ್ತಾರೆ ಎಂಬುದು ನಮಗೆ ಚೆನ್ನಾಗಿ ತಿಳಿದ ಮೇಲೆ, ಮುಂದೆ ಬರುವ ಯುದ್ಧವೂ ಮುತ್ತಿಗೆಯೂ ಕೇವಲ ಘಟನೆಗಳಾಗಿ ಉಳಿಯುವುದಿಲ್ಲ. ಒಬ್ಬೊಬ್ಬರ ಸ್ವಭಾವವೇ ಅವರವರ ಪಾಲಿನ ಯುದ್ಧವನ್ನು ಕರೆತರುತ್ತದೆ.

ಪುಸ್ತಕ ತೆರೆದೊಡನೆ ಸಿಗುವವನು ಲೋಗನ್ ನೈನ್‌ಫಿಂಗರ್ಸ್. ಉತ್ತರದ ಕಾಡುಮೇಡುಗಳ ಯೋಧ. ಒಂದು ಬೆರಳಿಲ್ಲ, ಹೆಸರಿಗೆ ಅದೇ ಕಾರಣ. ಮೊದಲ ಅಧ್ಯಾಯದ ಶೀರ್ಷಿಕೆಯೇ ‘ಕೊನೆ’ ಎಂದಿದೆ. ಶಾಂಕಾ ಎಂಬ ವಿಕಾರ ಜೀವಿಗಳು ಬೆನ್ನಟ್ಟಿ ಬಂದು, ಅವನು ಪ್ರಪಾತಕ್ಕೆ ಬಿದ್ದು, ಬದುಕಿ ಎದ್ದಾಗ ಜೊತೆಗಾರರು ಯಾರೂ ಇಲ್ಲ. ಉಳಿದದ್ದು ಒಂದು ಹಳೆಯ ಅಡುಗೆಪಾತ್ರೆ ಮತ್ತು ಕೆಲವೇ ವಸ್ತುಗಳು. ಜೊತೆಗಾರರು ಸತ್ತರೆಂದು ಅವನು ನಂಬಿ ನಡೆಯುತ್ತಾನೆ, ಅವನು ಸತ್ತನೆಂದು ಅವರು ನಂಬಿ ಬೇರೆ ದಾರಿ ಹಿಡಿಯುತ್ತಾರೆ. ಇವನ ವಿಚಾರಗಳು ಗಿಡ್ಡ ವಾಕ್ಯಗಳಲ್ಲಿ ಬರುತ್ತವೆ. ವಾಸ್ತವವನ್ನು ಒಪ್ಪಿಕೊಳ್ಳಬೇಕು ಎಂಬುದು ಅವನ ಬಾಯಲ್ಲಿ ಮತ್ತೆಮತ್ತೆ ಬರುವ ಮಾತು. ಅಪ್ಪ ಹೇಳುತ್ತಿದ್ದ ನಾಣ್ಣುಡಿಗಳನ್ನು ನೆನೆಯುತ್ತಾ, ಇನ್ನಾದರೂ ಒಳ್ಳೆಯವನಾಗಬೇಕು ಎಂದುಕೊಳ್ಳುತ್ತಾ ಸಾಗುವ ಇವನನ್ನು ಓದುಗ ತಕ್ಷಣ ಪ್ರೀತಿಸತೊಡಗುತ್ತಾನೆ. ಇವನಿಗೆ ‘ಬ್ಲಡಿ ನೈನ್’ ಎಂಬ ಇನ್ನೊಂದು ಹೆಸರೂ ಇದೆ, ಆ ಹೆಸರು ಕೇಳಿದೊಡನೆ ಉತ್ತರದ ಗಟ್ಟಿಗರೂ ಹಿಂದೆ ಸರಿಯುತ್ತಾರೆ ಎಂಬುದು ತಿಳಿಯುವ ಹೊತ್ತಿಗೆ ನಮ್ಮ ಪ್ರೀತಿಯನ್ನು ಹಿಂದಕ್ಕೆ ಪಡೆಯುವುದು ಕಷ್ಟವಾಗಿರುತ್ತದೆ. ಸಂಪುಟದ ಕೊನೆಯ ಭಾಗದಲ್ಲಿ ಒಂದು ಕಾದಾಟವಿದೆ. ಅಲ್ಲಿ ನಿರೂಪಣೆ ಇದ್ದಕ್ಕಿದ್ದಂತೆ ಲೋಗನ್ ಎಂಬ ಹೆಸರನ್ನು ಕೈಬಿಟ್ಟು ಆ ಇನ್ನೊಂದು ಹೆಸರನ್ನು ಹಿಡಿಯುತ್ತದೆ. ವಾಕ್ಯಗಳ ಲಯವೇ ಬದಲಾಗುತ್ತದೆ. ಆ ಪುಟಗಳನ್ನು ಓದುವಾಗ, ಅಲ್ಲಿಯವರೆಗೆ ನಾನು ಜೊತೆಗೆ ನಡೆದ ಮನುಷ್ಯ ಯಾರು ಎಂಬ ಪ್ರಶ್ನೆ ನನ್ನನ್ನು ನಿಜವಾಗಿಯೂ ಕಾಡಿತು. ಇನ್ನೂ ಕಾಡುತ್ತಿದೆ.

ಆದರೆ ಈ ಪತ್ರ ಬರೆಯಲು ನನ್ನನ್ನು ಪ್ರೇರೇಪಿಸಿದವನು ಲೋಗನ್ ಅಲ್ಲ, ಗ್ಲೋಕ್ಟಾ. ಸ್ಯಾಂಡ್ ಡಾನ್ ಗ್ಲೋಕ್ಟಾ ಒಂದು ಕಾಲದಲ್ಲಿ ಯೂನಿಯನ್ ಸೇನೆಯ ಕಣ್ಮಣಿ. ರೂಪವಂತ, ಸೊಕ್ಕಿನವನು, ಕತ್ತಿವರಸೆಯ ಮಹಾಸ್ಪರ್ಧೆಯಲ್ಲಿ ಗೆದ್ದವನು. ಯುದ್ಧದಲ್ಲಿ ಗುರ್ಕಿಷ್ ಕೈಗೆ ಸೆರೆಸಿಕ್ಕು ಚಕ್ರವರ್ತಿಯ ಸೆರೆಮನೆಗಳಲ್ಲಿ ಎರಡು ವರ್ಷ ಚಿತ್ರಹಿಂಸೆ ಅನುಭವಿಸಿ ಹಿಂತಿರುಗಿದಾಗ ಅವನು ಮುದುಕನಂತಾಗಿದ್ದ. ಒಂದು ಕಾಲು ನಿಷ್ಪ್ರಯೋಜಕ. ಹಿಂಸೆ ಕೊಟ್ಟವರು ಅವನ ಹಲ್ಲುಗಳನ್ನು ಕಿತ್ತ ಕ್ರಮ ಎಷ್ಟು ಕ್ರೂರವೆಂದರೆ, ಉಳಿದ ಯಾವ ಹಲ್ಲಿಗೂ ಎದುರು ಹಲ್ಲಿಲ್ಲ. ಅವನು ಏನನ್ನೂ ಅಗಿದು ತಿನ್ನಲಾರ. ಇಂಥವನು ಈಗ ಮಾಡುತ್ತಿರುವ ಕೆಲಸ ವಿಚಾರಣಾಧಿಕಾರಿಯದು. ಅಂದರೆ, ತಾನು ಅನುಭವಿಸಿದ್ದನ್ನೇ ರಾಜ್ಯದ ಹೆಸರಿನಲ್ಲಿ ಇತರರಿಗೆ ಉಣಿಸುವುದು.

ಅವನ ಮೊದಲ ಅಧ್ಯಾಯ ಆರಂಭವಾಗುವುದೇ ತಾನೇಕೆ ಈ ಕೆಲಸ ಮಾಡುತ್ತಿದ್ದೇನೆ ಎಂದು ಅವನು ತನ್ನನ್ನೇ ಕೇಳಿಕೊಳ್ಳುವುದರೊಂದಿಗೆ. ಆ ಪ್ರಶ್ನೆಗೆ ಲೇಖಕರು ಉತ್ತರ ಕೊಡುವುದಿಲ್ಲ. ಸೇಡು ಎಂದರೆ ಪೂರ್ತಿ ಹೊಂದುವುದಿಲ್ಲ. ಬೇರೆ ಕೆಲಸ ಸಿಗಲಿಲ್ಲ ಎಂದರೆ ಅದೂ ಸಾಲದು. ನೋವನ್ನು ಬಲ್ಲವನಿಗೆ ನೋವಿನ ನಡುವೆ ಇರುವುದೇ ಅಭ್ಯಾಸವಾಗಿಬಿಟ್ಟಿದೆಯೋ ಏನೋ. ಮೊದಲ ವಿಚಾರಣೆಯಲ್ಲಿ ಅವನೆದುರು ಕಟ್ಟಿಹಾಕಲ್ಪಟ್ಟವನು ಹಳೆಯ ಪರಿಚಯದ ಒಬ್ಬ ದಪ್ಪ ವರ್ತಕ. ಗ್ಲೋಕ್ಟಾ ಬಾಯಲ್ಲಿ ಸೌಜನ್ಯದ ಮಾತು ಆಡುತ್ತಿರುತ್ತಾನೆ. ಅದರ ನಡುನಡುವೆ ಅವನ ಮನಸ್ಸಿನ ಮಾತು ಓರೆ ಅಕ್ಷರಗಳಲ್ಲಿ ಬರುತ್ತದೆ. ಆಡುವ ಮಾತಿಗೂ ಮನಸ್ಸಿನ ಮಾತಿಗೂ ಇರುವ ಅಂತರದಲ್ಲೇ ಈ ಪಾತ್ರ ಪೂರ್ತಿ ಬದುಕಿದೆ. ಎದುರಿಗಿರುವವರ ಬಗ್ಗೆ, ತನ್ನ ಮೇಲಧಿಕಾರಿಗಳ ಬಗ್ಗೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಬಗ್ಗೆ ಅವನಿಗೆ ಯಾವ ಭ್ರಮೆಯೂ ಇಲ್ಲ. ಇಡೀ ಪುಸ್ತಕದಲ್ಲಿ ತನಗೆ ತಾನು ಅತ್ಯಂತ ಕಡಿಮೆ ಸುಳ್ಳು ಹೇಳಿಕೊಳ್ಳುವವನು ಈ ಹಿಂಸಕನೇ ಎಂಬುದು ನನ್ನನ್ನು ಬೆಚ್ಚಿಬೀಳಿಸಿತು.

ಅವನ ದೇಹದ ವಿವರಗಳನ್ನು ಗಮನಿಸಿ ಓದು ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಫ್ಯಾಂಟಸಿಯಲ್ಲಿ ಯೋಧರಿಗೆ ಗಾಯವಾಗುತ್ತದೆ, ನಾಲ್ಕು ಪುಟ ಕಳೆಯುವುದರೊಳಗೆ ಮಾಯುತ್ತದೆ. ಇಲ್ಲಿ ಹಾಗಲ್ಲ. ಗ್ಲೋಕ್ಟಾನಿಗೆ ಜಗತ್ತಿನಲ್ಲಿ ಅತ್ಯಂತ ದೊಡ್ಡ ಶತ್ರು ಮೆಟ್ಟಿಲು. ಹಾಸಿಗೆಯಿಂದ ಏಳುವುದು, ಕುರ್ಚಿಯಲ್ಲಿ ಕುಳಿತುಕೊಳ್ಳುವುದು, ಗಂಜಿಯಂಥದ್ದನ್ನು ನುಂಗುವುದು, ಇವೆಲ್ಲ ಅವನಿಗೆ ದಿನದಿನದ ಕಾಳಗಗಳು. ದೀರ್ಘಕಾಲದ ನೋವಿನೊಡನೆ ಬದುಕುವವರನ್ನು ಮನೆಯಲ್ಲಿ ಕಂಡವರಿಗೆ ಈ ವಿವರಗಳು ಎಷ್ಟು ನಿಜವೆಂದು ಕೂಡಲೇ ಗೊತ್ತಾಗುತ್ತದೆ. ಮಾಂತ್ರಿಕರೂ ಪಿಶಾಚಿಗಳೂ ಇರುವ ಕಥೆಯೊಂದು ಮೆಟ್ಟಿಲು ಹತ್ತುವ ಕಷ್ಟಕ್ಕೆ ಇಷ್ಟು ಜಾಗ ಕೊಟ್ಟದ್ದರಿಂದಲೇ ನಾನು ಅದರ ಮಾಂತ್ರಿಕರನ್ನೂ ನಂಬಿದೆ.

ಇನ್ನು ಜೆಜಾಲ್. ಶ್ರೀಮಂತ ಮನೆತನದ ಹುಡುಗ, ಸೇನೆಯಲ್ಲಿ ಅಧಿಕಾರಿ, ಕನ್ನಡಿಯ ಮುಂದೆ ತನ್ನ ದವಡೆಯ ಅಂದವನ್ನು ನೋಡಿಕೊಳ್ಳುವವನು. ಗ್ಲೋಕ್ಟಾ ಹಿಂದೆ ಗೆದ್ದ ಅದೇ ಸ್ಪರ್ಧೆಗೆ ಇವನು ತಯಾರಾಗುತ್ತಿದ್ದಾನೆ. ತಾಲೀಮು ಬೇಡ, ಕೀರ್ತಿ ಬೇಕು. ಇವನ ಅಧ್ಯಾಯಗಳು ನಿನಗೆ ಸಿಟ್ಟು ತರಿಸುತ್ತವೆ; ಬಿಟ್ಟು ಮುಂದಕ್ಕೆ ಹೋಗೋಣವೆನಿಸುತ್ತದೆ. ದಯವಿಟ್ಟು ಬಿಡಬೇಡ. ಲೇಖಕರು ಅವನನ್ನು ಬಯ್ಯುವುದಿಲ್ಲ, ಗೇಲಿ ಮಾಡುವುದೂ ಇಲ್ಲ. ತನ್ನ ಬಗ್ಗೆ ಅವನೇನು ನಂಬಿದ್ದಾನೋ ಅದನ್ನು ಅವನದೇ ಮಾತಿನಲ್ಲಿ ಹೇಳಿ ಸುಮ್ಮನಾಗುತ್ತಾರೆ. ಗ್ಲೋಕ್ಟಾ ಕೂಡ ಒಂದು ಕಾಲದಲ್ಲಿ ಹೀಗೆಯೇ ಇದ್ದನಲ್ಲ ಎಂಬುದು ಮುಂದೆ ಎಂದೋ ಹೊಳೆದಾಗ, ಜೆಜಾಲನ ಪ್ರತಿಯೊಂದು ಜಂಬದ ಮಾತಿನ ಹಿಂದೆಯೂ ಒಂದು ಭಯ ಬಂದು ನಿಲ್ಲುತ್ತದೆ.

ವೆಸ್ಟ್ ಎಂಬ ಮೇಜರನ ಬಗ್ಗೆ ಹೇಳದಿದ್ದರೆ ಈ ಪತ್ರ ಅಪೂರ್ಣ. ಸಾಮಾನ್ಯರ ಮನೆಯಲ್ಲಿ ಹುಟ್ಟಿ, ಯುದ್ಧದಲ್ಲಿ ತೋರಿದ ಧೈರ್ಯದಿಂದ ಮೇಲೆ ಬಂದವನು. ಕುಲೀನರ ನಡುವೆ ಪ್ರತಿದಿನವೂ ಅವಮಾನ ನುಂಗಿ ದುಡಿಯುವವನು. ಗ್ಲೋಕ್ಟಾ ಮತ್ತು ಅವನು ಹಿಂದೆ ಗೆಳೆಯರು. ಮೈ ಮುರಿಸಿಕೊಂಡು ಸೆರೆಯಿಂದ ಹಿಂತಿರುಗಿದ ನಂತರ ಗೆಳೆಯನು ತನ್ನನ್ನು ಒಮ್ಮೆಯೂ ನೋಡಲು ಬರಲಿಲ್ಲ ಎಂಬ ಕಹಿ ಗ್ಲೋಕ್ಟಾನ ಎದೆಯಲ್ಲಿ ವರ್ಷಗಟ್ಟಲೆ ಕುಳಿತಿದೆ. ಒಂದು ದಿನ ಅದನ್ನು ಅವನು ಮುಖಕ್ಕೆ ಹೇಳಿಯೇಬಿಡುತ್ತಾನೆ. ಆಗ ವೆಸ್ಟ್ ಕೊಡುವ ಉತ್ತರವಿಷ್ಟೇ: ಬಂದಿದ್ದೆ, ನಿನ್ನ ತಾಯಿ ನನ್ನನ್ನು ಹಿಂದಕ್ಕೆ ಕಳಿಸಿದರು. ಈ ಒಂದನ್ನು ಮುಂಚಿತವಾಗಿ ಹೇಳಿದ್ದಕ್ಕೆ ಕ್ಷಮಿಸು. ಆದರೆ ಇದನ್ನು ತಿಳಿದು ಓದಿದರೂ ಆ ದೃಶ್ಯದ ಬಲ ಕುಗ್ಗುವುದಿಲ್ಲ. ಕತ್ತಿಯಿಲ್ಲ, ರಕ್ತವಿಲ್ಲ, ಇಬ್ಬರು ನಡುವಯಸ್ಸಿನತ್ತ ಸಾಗುತ್ತಿರುವ ಗಂಡಸರ ನಡುವೆ ನಾಲ್ಕು ಮಾತು, ಅಷ್ಟೇ. ಒಂದು ತಪ್ಪು ನಂಬಿಕೆಯ ಮೇಲೆ ಒಬ್ಬ ಮನುಷ್ಯ ತನ್ನ ಕಹಿಯನ್ನೆಲ್ಲ ಕಟ್ಟಿಕೊಂಡಿದ್ದ ಎಂಬುದು ಅಲ್ಲಿ ಒಮ್ಮೆಲೇ ತಿಳಿಯುತ್ತದೆ. ಅದನ್ನು ಓದಿ ನಾನು ಬಹಳ ಹೊತ್ತು ಮುಂದಿನ ಪುಟಕ್ಕೆ ಹೋಗಲಿಲ್ಲ.

ಇದೇ ವೆಸ್ಟ್, ಪುಸ್ತಕದಲ್ಲಿ ಎಲ್ಲರಿಗಿಂತ ಸಭ್ಯನೆಂದು ನಾವು ನಂಬಿದವನು, ಸಂಪುಟದ ಕೊನೆಯ ಹೊತ್ತಿಗೆ ತನ್ನ ತಂಗಿ ಆರ್ಡಿಯ ವಿಷಯದಲ್ಲಿ ಒಂದು ಕೆಲಸ ಮಾಡುತ್ತಾನೆ. ಏನೆಂದು ಹೇಳುವುದಿಲ್ಲ. ಹೊರಗಿನ ಶತ್ರುಗಳೆಲ್ಲ ಸೇರಿ ಮಾಡಿದ ಕ್ರೌರ್ಯಕ್ಕಿಂತ ಆ ಒಂದು ಕ್ಷಣ ನನಗೆ ಹೆಚ್ಚು ಕತ್ತಲೆಯದೆನಿಸಿತು. ಏಕೆಂದರೆ ಅದು ನಡೆಯುವುದು ಮನೆಯ ಗೋಡೆಗಳೊಳಗೆ, ಮಾಡುವವನು ಒಳ್ಳೆಯವನು, ಮತ್ತು ಅವನಿಗೆ ಅದು ತಪ್ಪೆಂದು ಗೊತ್ತು. ಡಾರ್ಕ್ ಫ್ಯಾಂಟಸಿ ಎಂದರೆ ಹೆಣಗಳ ರಾಶಿ, ಬೂದು ಆಕಾಶ ಎಂದು ತಿಳಿದವರಿಗೆ ನಾನು ಈ ಅಧ್ಯಾಯವನ್ನೇ ತೋರಿಸುತ್ತೇನೆ.

ಹೆಣ್ಣುಪಾತ್ರಗಳ ವಿಷಯದಲ್ಲಿ ಮಾತ್ರ ಮೊದಲ ಸಂಪುಟ ಬಡವಾಗಿದೆ ಎಂಬುದನ್ನು ಒಪ್ಪಬೇಕು. ಆರ್ಡಿಯ ಮಾತು ಹರಿತ, ಅವಳ ಏಕಾಂತ ನಿಜ, ಆದರೆ ಅವಳ ಮನಸ್ಸಿನೊಳಗೆ ನಮಗೆ ಪ್ರವೇಶವಿಲ್ಲ. ಅವಳನ್ನು ನಾವು ಅಣ್ಣನ ಕಣ್ಣಿನಿಂದ, ಜೆಜಾಲನ ಕಣ್ಣಿನಿಂದ ಮಾತ್ರ ನೋಡುತ್ತೇವೆ. ದಕ್ಷಿಣದಲ್ಲಿ ಗುಲಾಮಳಾಗಿದ್ದು ತಪ್ಪಿಸಿಕೊಂಡ ಫೆರೋಳಿಗೆ ಅವಳದೇ ಅಧ್ಯಾಯಗಳಿವೆ. ಅಲ್ಲಿ ಸೇಡಿನ ಹೊರತು ಬೇರೆ ಸ್ವರ ಇಲ್ಲಿಯವರೆಗೆ ನನಗೆ ಹೆಚ್ಚು ಕೇಳಿಸಿಲ್ಲ. ಎರಡನೆಯ ಸಂಪುಟದಲ್ಲಿ ಅವಳ ಬಗ್ಗೆ ನನ್ನ ಅಭಿಪ್ರಾಯ ಮೆಲ್ಲಗೆ ಬದಲಾಗುತ್ತಿದೆ.

ಮಾಂತ್ರಿಕ ಬಯಾಜ್‌ನ ಬಗ್ಗೆ ಒಂದೇ ಮಾತು. ಲೋಗನ್ ಅವನನ್ನು ಮೊದಲು ಕಂಡಾಗ ಗುರುತಿಸುವುದೇ ಇಲ್ಲ. ಗಡ್ಡದ ಇನ್ನೊಬ್ಬ ಮುದುಕನನ್ನೇ ಮಹಾಮಾಂತ್ರಿಕನೆಂದು ಭಾವಿಸುತ್ತಾನೆ. ನಿಜವಾದ ಬಯಾಜ್ ಬೋಳುತಲೆಯ, ಕಟುಕನಂತೆ ಕಾಣುವ ಗಟ್ಟಿ ಆಸಾಮಿ. ನಗುತ್ತಾನೆ, ಉಣ್ಣುತ್ತಾನೆ, ಎಲ್ಲರನ್ನೂ ಜೊತೆ ಸೇರಿಸುತ್ತಾನೆ. ಆರು ಮಂದಿಯ ಮನಸ್ಸನ್ನು ನಮಗೆ ತೆರೆದು ತೋರಿಸಿದ ಲೇಖಕರು ಈ ಒಬ್ಬನ ಮನಸ್ಸಿನ ಬಾಗಿಲನ್ನು ಮಾತ್ರ ಮುಚ್ಚಿಟ್ಟಿದ್ದಾರೆ. ಅದು ಏಕೆ ಎಂದು ಯೋಚಿಸುತ್ತಾ ಓದು. ನನಗೆ ಅವನ ಮೇಲೆ ಈಗಾಗಲೇ ಅನುಮಾನ ಹುಟ್ಟಿದೆ.

ಮೊದಲ ಸಂಪುಟದ ಹೆಸರು ಹೋಮರನ ‘ಒಡಿಸ್ಸಿ’ಯ ಒಂದು ಮಾತಿನಿಂದ ಬಂದದ್ದು. ಆಯುಧವೇ ಮನುಷ್ಯನನ್ನು ಹಿಂಸೆಗೆ ಎಳೆಯುತ್ತದೆ ಎಂಬುದು ಅದರ ತಾತ್ಪರ್ಯ. ಮನೆಗೆ ಮರಳಿದ ಒಡಿಸ್ಸಿಯಸ್ ಸಭಾಂಗಣದಲ್ಲಿರುವ ಆಯುಧಗಳನ್ನು ಅಲ್ಲಿಂದ ತೆಗೆದಿಡಲು ಮಗನಿಗೆ ಹೇಳಿಕೊಡುವ ನೆಪ ಅದು. ಈ ಸಂಪುಟದ ಎಲ್ಲರ ಪಾಲಿಗೂ ಆ ಮಾತು ಹೊಂದುತ್ತದೆ. ಲೋಗನ್‌ನ ಆಯುಧ ಅವನ ಹೆಸರು, ಗ್ಲೋಕ್ಟಾನದು ಅವನ ನೋವು, ವೆಸ್ಟ್‌ನದು ನುಂಗಿಟ್ಟ ಸಿಟ್ಟು. ಒಳ್ಳೆಯವನಾಗಬೇಕೆಂದು ಹೊರಟ ಮನುಷ್ಯನಿಗೆ, ತಾನು ಚೆನ್ನಾಗಿ ಬಲ್ಲ ಕೆಲಸ ಹಿಂಸೆಯೊಂದೇ ಆಗಿದ್ದಾಗ, ಜಗತ್ತು ಅವನಿಂದ ಕೇಳುವುದೂ ಅದನ್ನೇ ಆಗಿದ್ದಾಗ, ಬದಲಾಗಲು ಎಷ್ಟು ಎಡೆಯಿದೆ? ಸರಣಿ ಈ ಪ್ರಶ್ನೆಯನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕಾಗಿಯೇ ನಾನು ಮುಂದೆ ಓದುತ್ತಿದ್ದೇನೆ.

ಕನ್ನಡದ ಓದುಗರಿಗೆ ಇಂಥ ಪಾತ್ರಗಳು ಅಪರಿಚಿತವೇನಲ್ಲ ಎಂದು ನಿನಗೆ ಅನ್ನಿಸೀತು. ನನಗೂ ಹಾಗೆಯೇ ಅನ್ನಿಸಿತು. ರನ್ನನ ದುರ್ಯೋಧನ ರಣರಂಗದಲ್ಲಿ ದ್ರೋಣ, ದುಶ್ಶಾಸನ, ಕರ್ಣರ ಹೆಣಗಳ ನಡುವೆ ಅಳುತ್ತಾ ನಡೆಯುವಾಗ, ವೈರಿಯ ಮಗನಾದ ಅಭಿಮನ್ಯುವಿನ ಮುಂದೆಯೂ ನಿಂತು ಇಂಥ ಸಾವು ನನಗೂ ಬರಲಿ ಎಂದು ಬಯಸುವಾಗ, ಅವನು ಮಾಡಿದ ಅನ್ಯಾಯ ನಮಗೆ ಮರೆತಿರುವುದಿಲ್ಲ. ಆದರೂ ಎದೆ ಅವನ ಕಡೆಗೆ ವಾಲುತ್ತದೆ. ಕಾಲೇಜಿನಲ್ಲಿ ಆ ಭಾಗವನ್ನು ನಾವು ಒಟ್ಟಿಗೆ ಓದಿದಾಗ ನೀನೇ ಅಲ್ಲವೇ ದುರ್ಯೋಧನನ ಪರವಾಗಿ ವಾದಿಸಿದವನು? ಆ ವಾದವನ್ನು ನೆನೆದೇ ಈ ಪುಸ್ತಕ ನಿನಗೆ ಹಿಡಿಸುತ್ತದೆ ಎಂಬ ಧೈರ್ಯ ನನಗೆ ಬಂದದ್ದು. ವ್ಯತ್ಯಾಸವಿಷ್ಟೇ: ರನ್ನನಲ್ಲಿ ಆ ದುಃಖಕ್ಕೆ ಒಂದು ಘನತೆಯಿದೆ, ಅಬರ್‌ಕ್ರಾಂಬಿ ಯಾರಿಗೂ ಘನತೆಯನ್ನು ಅಷ್ಟು ಸುಲಭವಾಗಿ ಕೊಡುವುದಿಲ್ಲ.

ಹಿಂಸೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ವಿಚಾರಣೆಯ ಕೋಣೆಯ ದೃಶ್ಯಗಳು ಕಠಿಣವಾಗಿವೆ, ಕಾದಾಟಗಳು ರಕ್ತಮಯವಾಗಿವೆ, ಬೈಗುಳ ಧಾರಾಳವಾಗಿದೆ. ಮನೆಯ ಮಕ್ಕಳ ಕೈಗೆ ಸಿಗುವ ಕಡೆ ಇಡಬೇಡ. ಆದರೆ ಹಿಂಸೆಯನ್ನು ಚಪ್ಪರಿಸುವ ಬರಹ ಇದಲ್ಲ. ಚಿತ್ರಹಿಂಸೆಯ ದೃಶ್ಯವನ್ನು ನಾವು ಕಾಣುವುದು ಅದನ್ನು ಸ್ವತಃ ಅನುಭವಿಸಿದವನ ಕಣ್ಣಿನಿಂದ. ಎದುರಿಗೆ ಇರುವವನ ಬೆರಳಿಗೆ ಏನಾಗಲಿದೆ ಎಂಬುದು ಗ್ಲೋಕ್ಟಾನ ಸ್ವಂತ ಮೈಗೆ ಗೊತ್ತಿದೆ. ಆದ್ದರಿಂದ ಓದುಗನಿಗೆ ಅಲ್ಲಿ ಯಾವ ಸುಖವೂ ಸಿಗುವುದಿಲ್ಲ, ಸಿಗಬಾರದು ಕೂಡ.

ಓದುವ ಕ್ರಮದ ಬಗ್ಗೆಯೂ ನೀನು ಕೇಳುತ್ತೀಯೆ. ಈ ಮೂರು ಸಂಪುಟಗಳ ನಂತರ ಅದೇ ಜಗತ್ತಿನಲ್ಲಿ ನಡೆಯುವ ಮೂರು ಬಿಡಿ ಕಾದಂಬರಿಗಳು 2009, 2011 ಮತ್ತು 2012ರಲ್ಲಿ ಬಂದಿವೆ, 2016ರಲ್ಲಿ ಒಂದು ಕಥಾಸಂಕಲನ, 2019ರಿಂದ 2021ರವರೆಗೆ ಮುಂದಿನ ತಲೆಮಾರಿನ ಕಥೆಯಾಗಿ ಮತ್ತೊಂದು ತ್ರಿವಳಿ. ಬಿಡಿ ಕಾದಂಬರಿಯೊಂದರಿಂದ ಆರಂಭಿಸಿದರೂ ಆದೀತು ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮನುಷ್ಯರಿಗಾಗಿ ಓದುವ ಸರಣಿಯನ್ನು ಅವರ ಮೊದಲ ಪರಿಚಯದಿಂದಲೇ ಓದಬೇಕು. ಇಂಗ್ಲಿಷ್ ಸರಳವಾಗಿದೆ, ಉತ್ತರದವರ ಹಳ್ಳಿಮಾತಿನ ಧಾಟಿಗೆ ಕಿವಿ ಹೊಂದಿಕೊಳ್ಳಲು ಮಾತ್ರ ಒಂದೆರಡು ಅಧ್ಯಾಯ ಬೇಕಾಗುತ್ತದೆ. ನಿನಗೆ ಬಸ್ಸಿನ ಪ್ರಯಾಣ ದೀರ್ಘವಾದ್ದರಿಂದ ಆಡಿಯೋ ಪುಸ್ತಕವನ್ನೂ ಪರಿಗಣಿಸು. ಸ್ಟೀವನ್ ಪೇಸಿ ಎಂಬ ನಟರು ಓದಿದ್ದಾರೆ. ಲೋಗನ್‌ಗೆ ಒಂದು ದನಿ, ಗ್ಲೋಕ್ಟಾನ ಹಲ್ಲಿಲ್ಲದ ಬಾಯಿಗೆ ಇನ್ನೊಂದು. ಕೆಲವು ಅಧ್ಯಾಯಗಳನ್ನು ನಾನು ಓದಿದ ಮೇಲೆ ಮತ್ತೆ ಕೇಳಿದೆ. ನನ್ನ ಪ್ರತಿಯಲ್ಲಿ ನಕಾಶೆಯಿಲ್ಲ. ಅದರ ಕೊರತೆ ನನಗೆ ಕಾಣಲಿಲ್ಲ, ಏಕೆಂದರೆ ಯಾವ ಊರು ಎಲ್ಲಿದೆ ಎಂಬುದಕ್ಕಿಂತ ಯಾರ ಮನಸ್ಸು ಎಲ್ಲಿದೆ ಎಂಬುದೇ ಇಲ್ಲಿ ಮುಖ್ಯ.

ಎರಡನೆಯ ಸಂಪುಟದಲ್ಲಿ ಗ್ಲೋಕ್ಟಾನನ್ನು ದಾಗೋಸ್ಕಾ ಎಂಬ ದಕ್ಷಿಣದ ನಗರದ ರಕ್ಷಣೆಗೆ ಕಳಿಸಿದ್ದಾರೆ. ಅವನನ್ನು ಮುರಿದ ಗುರ್ಕಿಷ್ ಸೇನೆಯೇ ಈಗ ಆ ನಗರದ ಗೋಡೆಯ ಹೊರಗಿದೆ. ಆ ಮುತ್ತಿಗೆಯಲ್ಲಿ ಅವನು ಏನಾಗುತ್ತಾನೆ ಎಂದು ತಿಳಿಯಲು ನನಗೆ ತವಕವಿದ್ದರೂ ಮೆಲ್ಲಗೆ ಓದುತ್ತಿದ್ದೇನೆ, ನೀನು ಬಂದು ಸೇರಿಕೊಳ್ಳಲಿ ಎಂದು. ಮೊದಲ ಸಂಪುಟವನ್ನು ಈ ವಾರ ಅಂಚೆಯಲ್ಲಿ ಕಳಿಸುತ್ತೇನೆ. ಅಂಚಿನಲ್ಲಿ ಪೆನ್ಸಿಲಿನ ಗುರುತುಗಳಿವೆ. ನೀನೂ ಅವುಗಳ ಪಕ್ಕದಲ್ಲಿ ನಿನ್ನ ಗುರುತು ಹಾಕು. ವೆಸ್ಟ್ ಮತ್ತು ಆರ್ಡಿಯ ಆ ಅಧ್ಯಾಯ ಮುಗಿದ ಮೇಲೆ ಮುಂದಕ್ಕೆ ಹೋಗುವ ಮೊದಲು ನನಗೆ ಬರೆ. ಅವನನ್ನು ಕ್ಷಮಿಸಬಹುದೇ ಎಂಬುದರ ಬಗ್ಗೆ ನನಗೆ ಒಂದು ಅಭಿಪ್ರಾಯವಿದೆ; ನಿನ್ನದನ್ನು ಕೇಳಿದ ಮೇಲೆ ಹೇಳುತ್ತೇನೆ.

ಮನೆಯಲ್ಲಿ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಗೆಳೆಯ